ಸಹಾಯ ಬೇಕು: ಸಾವಿನ ಜೊತೆ ತಮಾಷೆ ಮಾಡಿದ ಸರ್ರಿಯಲಿಸ್ಟ್ ಕವಿಗಳು

ನಮಸ್ಕಾರ. ಫ್ರೆಂಚ್ ಮತ್ತು ರೊಮೇನಿಯನ್ ಸರ್ರಿಯಲಿಸ್ಟರು (ಕನಸು, ಸುಪ್ತಮನಸ್ಸಿನ ಜಾಡು ಹಿಡಿದು ಬರೆದವರು) ಸಾವನ್ನು ಹೇಗೆ ಗೇಲಿ ಮಾಡಿದ್ದಾರೆ ಅಂತ ಒಂದು ಲೇಖನ ಬರೆಯುತ್ತಿದ್ದೇನೆ. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಫ್ರೆಂಚ್ ಕಡೆ ಸಾಮಗ್ರಿಗೆ ಬರವಿಲ್ಲ. ಈ ಗುಂಪಿನ ಮುಂದಾಳು ಆಂದ್ರೆ ಬ್ರೆತೊಂ ಕಪ್ಪು ಹಾಸ್ಯದ, ಅಂದರೆ ಸಾವು-ನೋವನ್ನೇ ನಗೆಗೆ ಎಳೆಯುವ ಬರಹಗಳ ಸಂಕಲನವನ್ನೇ ಮಾಡಿದ. 1940ರಲ್ಲಿ ಅಚ್ಚಾದದ್ದನ್ನು ಯುದ್ಧಕಾಲದ ಫ್ರಾನ್ಸಿನ ವಿಶಿ ಸರ್ಕಾರದ ಸೆನ್ಸಾರ್ ತಡೆಯಿತು. ಫ್ರೆಂಚ್ ಕವಿ ಜಾಕ್ ರಿಗೋ ಅಂತೂ ಸಾಯಬೇಕೆನ್ನುವವರಿಗೆ ಒಂದು ಏಜೆನ್ಸಿಯ ಜಾಹೀರಾತು ಬರೆದ. ಬಡವರಿಗೆ ಅಗ್ಗದ ದರ, ದುಡ್ಡಿದ್ದವರಿಗೆ ಪರಿಮಳ ಹಾಕಿದ ಸಾವು! ಅಂಗಡಿ ಬೋರ್ಡಿನಷ್ಟು ತಣ್ಣನೆಯ ಭಾಷೆ. 1929ರಲ್ಲಿ ಅವನು ತಾನೇ ಜೀವ ಕಳೆದುಕೊಂಡ ಅನ್ನುವುದು ನೆನಪಾದರೆ ನಗು ಗಂಟಲಲ್ಲೇ ನಿಲ್ಲುತ್ತದೆ.

ತೊಡಕು ರೊಮೇನಿಯಾದಲ್ಲಿ ಹುಟ್ಟಿದ ಕವಿ ಗೆರಾಸಿಮ್ ಲುಕಾನದು. 1945ರಲ್ಲಿ ಬುಕಾರೆಸ್ಟಿನಲ್ಲಿ ಬಂದ ಅವನ ‘ಸತ್ತ ಸಾವು’ ನೋಡಿ. ಸಾಯಲು ಮತ್ತೆ ಮತ್ತೆ ಹೊರಡುತ್ತಾನೆ, ವಿದಾಯ ಪತ್ರ ಬರೆಯುತ್ತಾನೆ, ಸೋಲುತ್ತಾನೆ. ಒಂದು ಸಲ ಸುಮ್ನೆ ಉಸಿರು ಬಿಗಿಹಿಡಿದೂ ನೋಡುತ್ತಾನೆ! ರಿಗೋ ಸಾವನ್ನು ಮಾರಾಟಕ್ಕಿಟ್ಟರೆ ಇವನು ಅದನ್ನು ಕೆಲಸಕ್ಕೆ ಬಾರದ್ದು ಮಾಡಿಬಿಡುತ್ತಾನೆ. ನನಗೆ ಇವನೇ ಜಾಸ್ತಿ ಇಷ್ಟ. ಆದರೆ 1952ರಲ್ಲಿ ಪ್ಯಾರಿಸ್ ಸೇರಿದ, ಇದೇ ಕೃತಿಯನ್ನು ತಾನೇ ಫ್ರೆಂಚಿಗೂ ತಂದ. ಇವನನ್ನು ಯಾವ ಸಾಹಿತ್ಯದ ಲೆಕ್ಕಕ್ಕೆ ಹಿಡಿಯಲಿ? ಯಹೂದಿಯಾಗಿ ಎರಡನೇ ಮಹಾಯುದ್ಧ ದಾಟಿ ಬಂದವನ ನಗು ಅದು, ಹಾಗಾಗಿ ರೊಮೇನಿಯಾದ್ದೇ ಅಂತ ನನ್ನ ವಾದ. ಒಪ್ಪದವರು ದಯವಿಟ್ಟು ಜಗಳ ಆಡಿ.

ಇನ್ನೊಂದು ವಿಷಯ. ರೊಮೇನಿಯಾದ ಇನ್ನೊಬ್ಬ ಸರ್ರಿಯಲಿಸ್ಟ್ ಗೆಲ್ಲು ನೌಮ್ ಕವಿತೆಗಳಲ್ಲಿ ಇಂಥ ಧಾಟಿಯವು ಗೊತ್ತಿದ್ದರೆ ಒಂದೆರಡು ಹೇಳ್ತೀರಾ? ಇಂಗ್ಲಿಷ್ ಅನುವಾದವಾದರೂ ಸಾಕು. ರೊಮೇನಿಯಾದ ಲೇಖಕ ಉರ್ಮುಜ್ ಬೇಡ, ಅವನು 1923ರಲ್ಲೇ ತೀರಿಕೊಂಡ, ಸರ್ರಿಯಲಿಸ್ಟರ ಗುಂಪು ಹುಟ್ಟುವ ಮುಂಚೆಯೇ.