ಆರು ಕೋಣೆಯ ಅತಿಥಿಗೃಹ ಕಟ್ಟಿದರೆ ಊರಿನ ಬಡತನ ಕಡಿಮೆಯಾಗುತ್ತದೆಯೇ?

ಕಾಲುದಾರಿ:

ಎಲ್ಲರಿಗೂ ನಮಸ್ಕಾರ. ಬೆಟ್ಟ ಮತ್ತು ಜಲಪಾತ ಇರುವ ಪ್ರದೇಶವೊಂದಕ್ಕೆ 3 ವರ್ಷದ ಪ್ರವಾಸೋದ್ಯಮ ಯೋಜನೆಯ ಕರಡು ಸಿದ್ಧವಾಗುತ್ತಿದೆ. ಸುತ್ತ 4 ಹಳ್ಳಿ, ಸುಮಾರು 300 ಕುಟುಂಬ. ಅರ್ಧಕ್ಕಿಂತ ಹೆಚ್ಚು ಮನೆಗಳಿಗೆ ಜಮೀನಿಲ್ಲ, ಇದ್ದರೂ ಬೆಳೆದದ್ದು ವರ್ಷಪೂರ್ತಿ ಸಾಲುವುದಿಲ್ಲ. ವರ್ಷಕ್ಕೆ ಸುಮಾರು 20,000 ಜನ ಬರುತ್ತಾರೆ, ಬಹುಪಾಲು ಬೆಳಿಗ್ಗೆ ಬಂದು ಸಂಜೆ ವಾಪಸ್. ಹತ್ತಿರದ ಪಟ್ಟಣದಲ್ಲಿ 8 ಹೋಟೆಲ್‌ಗಳಿವೆ.

ಕರಡಿನಲ್ಲಿರುವುದು ಇಷ್ಟು: 40 ಕುಟುಂಬಗಳ ಸಹಕಾರ ಸಂಘ, ಅದರ ಹೆಸರಿನಲ್ಲಿ 6 ಕೋಣೆಗಳ ಅತಿಥಿಗೃಹ, 20 ಯುವಕರಿಗೆ ಗೈಡ್ ತರಬೇತಿ, ಕರಕುಶಲ ಮಳಿಗೆ, ಒಂದು ವೆಬ್‌ಸೈಟ್. ಗುರಿ ಎಂದು ಬರೆದಿರುವುದು "3 ವರ್ಷದಲ್ಲಿ ಪ್ರವಾಸಿಗರ ಸಂಖ್ಯೆ ದುಪ್ಪಟ್ಟು". ಹಣದ ಮುಕ್ಕಾಲು ಪಾಲು ಅತಿಥಿಗೃಹಕ್ಕೇ ಹೋಗುತ್ತದೆ. ಇದರಿಂದ ನಿಜಕ್ಕೂ ಬಡ ಕುಟುಂಬಗಳಿಗೆ ಏನಾದರೂ ದಕ್ಕುತ್ತದೆಯೇ? ಎಲ್ಲಿ ತಿದ್ದಬೇಕು?

ಲೆಕ್ಕಪಟ್ಟಿ:

ಮೊದಲು ಆ ಗುರಿಯನ್ನೇ ಹೊಡೆದುಹಾಕಿ. ಜನ ದುಪ್ಪಟ್ಟಾದರೆ ಕಸ ದುಪ್ಪಟ್ಟಾಗುವುದು ಖಚಿತ, ಬಡವರ ಆದಾಯ ದುಪ್ಪಟ್ಟಾಗುತ್ತದೆ ಎನ್ನಲು ಯಾವ ಆಧಾರವೂ ಇಲ್ಲ. ಗುರಿ ಹೀಗಿರಲಿ: "ಇಷ್ಟು ಬಡ ಕುಟುಂಬಗಳಿಗೆ, ಪ್ರವಾಸೋದ್ಯಮದಿಂದ, ವರ್ಷಕ್ಕೆ ಇಷ್ಟು ಹೆಚ್ಚುವರಿ ಆದಾಯ." ಹೀಗೆ ಬರೆದ ಮರುಕ್ಷಣ ಕರಡಿನ ಅರ್ಧ ಬಾಬ್ತುಗಳು ತಾವಾಗಿಯೇ ಉದುರುತ್ತವೆ.

ಈಗ ಅತಿಥಿಗೃಹದ ಲೆಕ್ಕ. 6 ಕೋಣೆ, ಕೋಣೆಗೆ 2 ಹಾಸಿಗೆ, 365 ದಿನ ಎಂದರೆ ಮಾರಲು ಇರುವುದು 4,380 ಹಾಸಿಗೆ-ರಾತ್ರಿ. ಒಂದು ಹಾಸಿಗೆ-ರಾತ್ರಿಯ ದರ 100 ಎಂದಿಟ್ಟುಕೊಳ್ಳಿ (ಯಾವ ನಾಣ್ಯವಾದರೂ ಸರಿ). ಊಟ, ಒಗೆತ, ಇಂಧನಕ್ಕೆ 40 ಹೋಗುತ್ತದೆ. ಬುಕಿಂಗ್ ತಂದುಕೊಡುವವರ ಕಮಿಷನ್ 20. ಉಳಿಯುವುದು 40. ಜನ ಬರಲಿ ಬಿಡಲಿ, ಇಬ್ಬರ ಸಂಬಳ, ರಿಪೇರಿ, ವಿಮೆ, ಫೋನ್ ಸೇರಿ ವರ್ಷದ ಸ್ಥಿರ ಖರ್ಚು 24,000 ಇದೆ ಎನ್ನೋಣ. ಅದನ್ನು ತೂಗಿಸಲೇ 600 ಹಾಸಿಗೆ-ರಾತ್ರಿ ಬೇಕು, ಅಂದರೆ ಸುಮಾರು ಶೇ. 14 ಭರ್ತಿ.

ಅಮೆರಿಕ ಖಂಡಗಳ ಸುಮಾರು 200 ಸಮುದಾಯ ಪ್ರವಾಸೋದ್ಯಮ ಯೋಜನೆಗಳನ್ನು ಪರಿಶೀಲಿಸಿದಾಗ ಅನೇಕ ವಸತಿಗಳ ಭರ್ತಿ ಶೇ. 5ರ ಆಸುಪಾಸಿನಲ್ಲಿತ್ತು. ಇಲ್ಲಿ ಶೇ. 5 ಎಂದರೆ 219 ಹಾಸಿಗೆ-ರಾತ್ರಿ. ಉಳಿತಾಯ 8,760, ಸ್ಥಿರ ಖರ್ಚು 24,000. ಸಂಘ ಮೊದಲ ವರ್ಷವೇ 15,240 ಕೈಕಚ್ಚಿಕೊಳ್ಳುತ್ತದೆ. ಚೆನ್ನಾಗಿ ನಡೆದು ಶೇ. 20 ಭರ್ತಿಯಾದರೂ ಲಾಭ 11,040. ಅದನ್ನು 40 ಕುಟುಂಬಕ್ಕೆ ಹಂಚಿದರೆ ಮನೆಗೆ 276, ಅಂದರೆ ಮೂರು ರಾತ್ರಿಯ ಬಾಡಿಗೆಯೂ ಇಲ್ಲ. ಇದಕ್ಕಾಗಿ ಮುಕ್ಕಾಲು ಪಾಲು ಹಣ!

ಆ 24,000ದೊಳಗೇ ಇರುವ ಸಂಬಳವನ್ನು ಗಮನಿಸಿ. ಲಾಭಾಂಶಕ್ಕಿಂತ ಕೂಲಿ-ಸಂಬಳ ಮತ್ತು ಸರಕು ಪೂರೈಕೆಯಿಂದಲೇ ಹಣ ಮನೆಗಳಿಗೆ ತಲುಪುವುದು. ಅದೂ ಈಗಾಗಲೇ ಗ್ರಾಹಕರಿರುವ ಕಡೆ. ನಿಮ್ಮಲ್ಲಿ ಅಂಥ ಎರಡು ಜಾಗ ಕಣ್ಣೆದುರೇ ಇವೆ: ಪಟ್ಟಣದ 8 ಹೋಟೆಲ್, ಜಲಪಾತದ ಬಳಿ ನಿಲ್ಲುವ 20,000 ಜನ.

ಹಳ್ಳಿಹಾದಿ:

ಲೆಕ್ಕಪಟ್ಟಿ ಅವರು ಹೇಳಿದ್ದು ಸರಿ. ಆದರೆ ಅದಕ್ಕೂ ಮೊದಲು ಒಂದು ಪ್ರಶ್ನೆ ಇದೆ. ಆ 40 ಕುಟುಂಬ ಯಾರು? ಸಂಘ ಎಂದೊಡನೆ ಷೇರಿಗೆ ದುಡ್ಡಿದ್ದವರು, ಸಭೆಗೆ ಬರಲು ಬಿಡುವಿದ್ದವರು, ಓದು ಬಂದವರು ಹೆಸರು ಬರೆಸುತ್ತಾರೆ. ದಿನಗೂಲಿಯವರಿಗೆ ಹಗಲು ಸಭೆಗೆ ಬಂದರೆ ಆ ದಿನದ ಕೂಲಿ ಹೋಯಿತು. ಯೋಜನೆಯ ಹೆಸರಿನಲ್ಲಿ "ಬಡವರು", ಪಟ್ಟಿಯಲ್ಲಿ ಉಳ್ಳವರು. ಹೆಚ್ಚಿನ ಕಡೆ ಆಗುವುದು ಇದೇ.

ಇದಕ್ಕೆ ಹಳೆಯ, ಗಟ್ಟಿ ವಿಧಾನವೊಂದಿದೆ. ಪ್ರತಿ ಮನೆಗೆ ಒಂದು ಚೀಟಿ ಬರೆಯಿರಿ. ಹಳ್ಳಿಯ ಮೂರು ಬೇರೆ ಬೇರೆ ಗುಂಪುಗಳನ್ನು (ಹೆಂಗಸರು, ಜಮೀನಿಲ್ಲದವರು, ಹಿರಿಯರು) ಬೇರೆ ಬೇರೆಯಾಗಿಯೇ, ಸಂಜೆ ಹೊತ್ತು ಕೂರಿಸಿ. ಚೀಟಿಗಳನ್ನು ನೆಲದ ಮೇಲೆ 4 ರಾಶಿ ಮಾಡಲು ಹೇಳಿ: ಉಳ್ಳವರು, ಹೇಗೋ ನಡೆಯುತ್ತದೆ ಎನ್ನುವವರು, ಕಷ್ಟದಲ್ಲಿರುವವರು, ತೀರಾ ಕಷ್ಟದಲ್ಲಿರುವವರು. ಪ್ರತಿ ರಾಶಿಗೂ ಕಾರಣ ಬರೆದುಕೊಳ್ಳಿ. ಒಂದು ಗುಂಪು ಮೂರನೇ ರಾಶಿಗೆ ಇಟ್ಟ ಚೀಟಿಯನ್ನು ಇನ್ನೊಂದು ಗುಂಪು ತಡವರಿಸದೆ ನಾಲ್ಕಕ್ಕೆ ಹಾಕುತ್ತದೆ. ಏಕೆ ಎಂದು ಕೇಳಿದರೆ ಆ ಮನೆಯ ಸಾಲವೋ ಕಾಯಿಲೆಯೋ ಹೊರಬರುತ್ತದೆ. ಯಾವ ಸರ್ವೆ ನಮೂನೆಯಲ್ಲೂ ಅದು ಸಿಗುವುದಿಲ್ಲ. ಕೊನೆಯ ಎರಡು ರಾಶಿಯ ಮನೆಗಳೇ ನಿಮ್ಮ ಯೋಜನೆಯ ಫಲಾನುಭವಿಗಳು. ಆ ಪಟ್ಟಿ ಕೈಯಲ್ಲಿರದೆ ಮುಂದಿನ ಸಾಲು ಬರೆಯಬೇಡಿ.

ಜೊತೆಗೆ ಋತುಪಟ್ಟಿ. 12 ತಿಂಗಳನ್ನು ಉದ್ದಕ್ಕೆ ಬರೆದು, ಕೆಳಗೆ ಮೂರು ಸಾಲು ಹಾಕಿ: ಕೂಲಿ ಕೆಲಸ ಸಿಗುವ ತಿಂಗಳು, ಮನೆಯಲ್ಲಿ ಕಾಳು ಮುಗಿಯುವ ತಿಂಗಳು, ಪ್ರವಾಸಿಗರು ಹೆಚ್ಚು ಬರುವ ತಿಂಗಳು. ಜನ ಬರುವ ಹೊತ್ತು ಸುಗ್ಗಿಯ ಹೊತ್ತೇ ಆದರೆ ಗೈಡ್ ಕೆಲಸಕ್ಕೆ ಯಾರೂ ಸಿಗುವುದಿಲ್ಲ, ಸಿಕ್ಕರೆ ಹೊಲದ ಕೆಲಸ ಹಾಳು. ಕಾಳು ಮುಗಿದ ತಿಂಗಳಲ್ಲಿ ಜನ ಬಂದರೆ ಆಗ ಸಿಗುವ ಸಣ್ಣ ಮೊತ್ತವೂ ಸಾಲ ತಪ್ಪಿಸುತ್ತದೆ.

ಹಣ ಬಡವರಿಗೆ ತಲುಪುವ ದಾರಿಗಳೂ ಬಹಳವಿಲ್ಲ. ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ 2002ರಲ್ಲಿ ಜೋಹಾನ್ಸ್‌ಬರ್ಗ್ ಶೃಂಗಸಭೆಯ ವೇಳೆ ಶುರುಮಾಡಿದ ಬಡತನ ನಿವಾರಣಾ ಕಾರ್ಯಕ್ರಮದಡಿ ಏಳು ದಾರಿ ಗುರುತಿಸಿದೆ: ಉದ್ದಿಮೆಗಳಲ್ಲಿ ನೌಕರಿ, ಉದ್ದಿಮೆಗಳಿಗೆ ಸರಕು-ಸೇವೆ ಪೂರೈಕೆ, ಪ್ರವಾಸಿಗರಿಗೆ ನೇರ ಮಾರಾಟ, ಬಡವರದೇ ಉದ್ದಿಮೆ, ತೆರಿಗೆ ಅಥವಾ ಶುಲ್ಕದ ಪಾಲು, ಸ್ವಯಂಪ್ರೇರಿತ ದೇಣಿಗೆ, ರಸ್ತೆ-ನೀರಿನಂಥ ಸೌಲಭ್ಯ. ನಿಮ್ಮ ಕರಡು ಹೆಚ್ಚುಕಡಿಮೆ ನಾಲ್ಕನೆಯದರ ಮೇಲೇ ನಿಂತಿದೆ. ಅನುಭವ, ಬಂಡವಾಳ, ಮಾರುಕಟ್ಟೆ ಮೂರೂ ಬೇಕಾದ ದಾರಿ ಅದು, ಅತ್ಯಂತ ಕಷ್ಟದ್ದು.

ನೇರ ಮಾರಾಟ ನೋಡಿ. ಗ್ಯಾಂಬಿಯಾದ ಕಡಲತೀರದಲ್ಲಿ ಹಣ್ಣು ಮಾರುವವರು, ಹಣ್ಣಿನ ರಸ ಮಾಡುವವರು, ಗೈಡ್‌ಗಳು ಪ್ರವಾಸಿಗರ ಬೆನ್ನುಬಿದ್ದು ಕಾಡುತ್ತಾರೆಂದು ಹೋಟೆಲ್‌ಗಳು ಅವರನ್ನು ದೂರ ಇಟ್ಟಿದ್ದವು. 2000ದ ದಶಕದ ಆರಂಭದಲ್ಲಿ ಅವರವರದೇ ಸಂಘ ಕಟ್ಟಿ, ಪರವಾನಗಿ, ಬ್ಯಾಡ್ಜ್, ನಿಗದಿತ ಜಾಗ, ಒಪ್ಪಿಕೊಂಡ ನಡವಳಿಕೆ ನಿಯಮ ತಂದರು. ಕಾಟ ಕಡಿಮೆಯಾಯಿತು, ಜನ ನಿಂತು ಕೊಳ್ಳತೊಡಗಿದರು, ಆದಾಯ ಏರಿತು. ಅಲ್ಲಿ ಹೊಸ ಕಟ್ಟಡ ಏಳಲಿಲ್ಲ, ಇದ್ದ ವ್ಯಾಪಾರಕ್ಕೇ ಒಂದು ಶಿಸ್ತು ಬಂತು. ನಿಮ್ಮ ಜಲಪಾತದ ದಾರಿಗೆ ಇದು ಹೇಳಿ ಮಾಡಿಸಿದಂತಿದೆ. ಬುತ್ತಿ, ಕುಡಿಯುವ ನೀರು, ಶೌಚಾಲಯ ನಿರ್ವಹಣೆ, ವಾಹನ ನಿಲುಗಡೆ, ಸಾಮಾನು ಹೊರುವುದು: ದಿನದ ಪ್ರವಾಸಿಗರು ದುಡ್ಡು ಕೊಡುವುದು ಇವಕ್ಕೇ.

ತೋಟಸಾಲು:

ಹೋಟೆಲ್‌ಗೆ ತರಕಾರಿ ಪೂರೈಸುವುದು ಕಾಗದದ ಮೇಲೆ ಬಲು ಸುಲಭ. ಹೆಚ್ಚಿನವು ಮೂರು ತಿಂಗಳಲ್ಲಿ ನಿಂತುಹೋಗುತ್ತವೆ. ಯಾಕೆಂದು ಬಿಡಿಸಿ ಹೇಳುತ್ತೇನೆ.

ಬೆಳೆಗಾರರು ಒಟ್ಟಿಗೇ ನಾಟಿ ಮಾಡುತ್ತಾರೆ, ಹೀಗಾಗಿ ಫಸಲೂ ಒಟ್ಟಿಗೇ ಬರುತ್ತದೆ. ಒಂದು ವಾರ ಹೋಟೆಲ್‌ಗೆ ಬೇಕಾದ ಐದು ಪಟ್ಟು, ಮುಂದಿನ ವಾರ ಏನೂ ಇಲ್ಲ. ಹೋಟೆಲ್‌ನ ಹಿಂಬಾಗಿಲಲ್ಲಿ ಅಡುಗೆಯವರು ಕ್ರೇಟಿಗೆ ಕೈ ಹಾಕಿ ಮೇಲಿನ ನಾಲ್ಕು ಟೊಮೆಟೊ ಪಕ್ಕಕ್ಕಿಡುತ್ತಾರೆ, ಕೆಳಗೆ ಒಡೆದದ್ದು ಎರಡು ಸಿಕ್ಕಿದರೆ ಇಡೀ ಕ್ರೇಟ್ ವಾಪಸ್. ಬೆಳೆದವರಿಗೆ ಅದು ಅನ್ಯಾಯ ಅನಿಸುತ್ತದೆ. ಅಡುಗೆಯವರಿಗಾದರೋ ಸಂಜೆಯೊಳಗೆ ಮತ್ತೆ ಸಂತೆಗೆ ಓಡುವ ಪಾಡು. ಎರಡು ಸಲ ಹೀಗಾದರೆ ಅವರು ಹಳೆಯ ವ್ಯಾಪಾರಿಯ ಬಳಿಗೇ ಹೋಗುತ್ತಾರೆ.

ಮಾಡಬೇಕಾದದ್ದು: 8 ಹೋಟೆಲ್‌ಗಳ ಕಳೆದ 3 ತಿಂಗಳ ಖರೀದಿ ಪುಸ್ತಕ ಕೇಳಿ ಪಡೆಯಿರಿ, ಇನ್ನೊಮ್ಮೆ ಬಿಡುವಿನ ಋತುವಿನ 3 ತಿಂಗಳದು. ವಾರವಾರವೂ ಕೊಳ್ಳುವ, ನಿಮ್ಮ ಮಣ್ಣಿನಲ್ಲಿ ಬರುವ 5–6 ಪದಾರ್ಥ ಮಾತ್ರ ಆರಿಸಿ. ಒಟ್ಟು ಬೇಡಿಕೆಯ ಮೂರನೇ ಒಂದು ಪಾಲಿನಿಂದ ಶುರುಮಾಡಿ. 2 ವಾರದ ಅಂತರದಲ್ಲಿ ಸರದಿ ನಾಟಿ, ಯಾರ ಸಾಲು ಯಾವ ದಿನ ಎಂಬುದು ಬರಹದಲ್ಲಿರಲಿ. ಬೇಕಾದ್ದಕ್ಕಿಂತ ಶೇ. 25 ಹೆಚ್ಚು ನೆಡಿ, ಅಷ್ಟು ಕೀಟಕ್ಕೆ, ಮಳೆಗೆ, ವಿಂಗಡಣೆಗೆ ಹೋಗುತ್ತದೆ. ವಿಂಗಡಣೆ ಹಳ್ಳಿಯಲ್ಲೇ ನೆರಳಿನಲ್ಲಿ ಆಗಲಿ. ಎರಡನೇ ದರ್ಜೆಯದಕ್ಕೆ ಮೊದಲೇ ಬೇರೆ ಗಿರಾಕಿ ಗೊತ್ತುಮಾಡಿ.

ನಿಜವಾದ ಗಂಟಲಗಾಣ ಮಾತ್ರ ಹಣ ಪಾವತಿ. ಹೋಟೆಲ್‌ಗಳು 30ರಿಂದ 60 ದಿನ ಸಾಲ ಹೇಳುತ್ತವೆ. ಜಮೀನಿಲ್ಲದೆ ಹಿತ್ತಲಲ್ಲಿ ಬೆಳೆದವಳು 45 ದಿನ ಕಾಯಲಾರಳು, ಅರ್ಧ ಬೆಲೆಗಾದರೂ ಇವತ್ತೇ ದುಡ್ಡು ಕೊಡುವ ದಲ್ಲಾಳಿಗೆ ಮಾರುತ್ತಾಳೆ. ಅದಕ್ಕೆ ಸುತ್ತುನಿಧಿ ಬೇಕು: ವಾರಕ್ಕೆ 1,000 ಮೌಲ್ಯದ ಸರಕು, 45 ದಿನದ ಬಾಕಿ ಎಂದರೆ ಸುಮಾರು 6,500 ಸದಾ ಹೊರಗಿರುತ್ತದೆ. ಬಾಕಿ ತಡವಾದರೆ ಎಂದು 7,500 ಇಡಿ. ಸರಕು ಕೊಟ್ಟ ದಿನವೇ ಬೆಳೆದವರಿಗೆ ಪಾವತಿ. ಅತಿಥಿಗೃಹದ ಒಂದು ಕೋಣೆಯ ಖರ್ಚಿನಲ್ಲಿ ಈ ನಿಧಿ ಆಗಿಬಿಡಬಹುದು.

ಕರಕುಶಲ ಮಳಿಗೆಯ ಬಗ್ಗೆ ಒಂದೇ ಮಾತು. ಬೆಳಿಗ್ಗೆ ಬಂದು ಸಂಜೆ ಹೋಗುವವರು ದೊಡ್ಡದು, ಒಡೆಯುವಂಥದ್ದು ಕೊಳ್ಳುವುದಿಲ್ಲ. ಅಂಗೈಯಗಲದ್ದು ಮಾಡಿಸಿ, ದಾರಿಬದಿಯ ಅಂಗಡಿಯಲ್ಲೇ ಇಡಿ.

ಕಾಲುದಾರಿ:

ತುಂಬಾ ಉಪಕಾರವಾಯಿತು, ಕರಡು ತಿರುಗುಮುರುಗಾಗುತ್ತಿದೆ. ಒಂದು ವಿಷಯ ಉಳಿದಿದೆ. ಸಮುದಾಯದ ಜಾಗದಲ್ಲಿ ತಾವೇ ವಸತಿ ಕಟ್ಟಿ ನಡೆಸುತ್ತೇವೆ, ಲಾಭದಲ್ಲಿ ಶೇ. 15 ಹಳ್ಳಿಗೆ ಕೊಡುತ್ತೇವೆ ಎಂದು ಖಾಸಗಿ ಕಂಪನಿಯೊಂದು ಮುಂದೆ ಬಂದಿದೆ. ಒಪ್ಪಬಹುದೇ?

ಕರಾರುಪತ್ರ:

"ಲಾಭದಲ್ಲಿ" ಎಂಬ ಒಂದೇ ಪದಕ್ಕಾಗಿ ಬೇಡ ಎನ್ನಿ. ಲಾಭ ಎಂಬುದು ಲೆಕ್ಕಿಗರ ಕೈಯಲ್ಲಿರುವ ಸಂಖ್ಯೆ. ಮಾತೃಸಂಸ್ಥೆಗೆ ನಿರ್ವಹಣಾ ಶುಲ್ಕ, ಸಾಲದ ಬಡ್ಡಿ, ಸವಕಳಿ ಎಲ್ಲ ಕಳೆದರೆ ಹತ್ತು ವರ್ಷವೂ ಲಾಭ ಸೊನ್ನೆ ತೋರಿಸಬಹುದು. ಕೇಳಬೇಕಾದದ್ದು ಒಟ್ಟು ವಹಿವಾಟಿನ ಪಾಲು, ಅದರ ಕೆಳಗೆ ವ್ಯಾಪಾರ ಹೇಗಿದ್ದರೂ ಕೊಡಲೇಬೇಕಾದ ಕನಿಷ್ಠ ಬಾಡಿಗೆ. ಎರಡರಲ್ಲಿ ಹೆಚ್ಚಿನದು ಹಳ್ಳಿಗೆ. ವಹಿವಾಟಿನ ಶೇ. 6, ಕಾಗದದ ಮೇಲಿನ ಲಾಭದ ಶೇ. 15ಕ್ಕಿಂತ ಬಹುತೇಕ ಯಾವಾಗಲೂ ದೊಡ್ಡದು.

ಕರಾರಿನಲ್ಲಿ ಬಿಡಬಾರದವು ಇನ್ನೂ ಇವೆ. ಜಾಗದ ಒಡೆತನ ಸಮುದಾಯದ್ದೇ ಇರಲಿ, ಗುತ್ತಿಗೆ 10–15 ವರ್ಷಕ್ಕೆ ಮಾತ್ರ. ಅವಧಿ ಮುಗಿದಾಗ ಕಟ್ಟಡ ಯಾರಿಗೆ ಎಂಬುದು ಈಗಲೇ ಬರೆದಿರಲಿ. ಹಾಸಿಗೆ-ರಾತ್ರಿ ದಾಖಲೆಯ ಪ್ರತಿ ಪ್ರತಿ ತಿಂಗಳು ಹಳ್ಳಿಗೆ ಬರಬೇಕು, ಇಲ್ಲದಿದ್ದರೆ ವಹಿವಾಟು ಪರಿಶೀಲಿಸಲಾಗದು. ನೌಕರಿಯಲ್ಲಿ ಹಳ್ಳಿಯವರ ಪ್ರಮಾಣ ಎಷ್ಟು, 5ನೇ ವರ್ಷಕ್ಕೆ ಮೇಲ್ವಿಚಾರಣೆಯ ಹುದ್ದೆಗಳಲ್ಲಿ ಎಷ್ಟು ಎಂದು ಬೇರೆ ಬೇರೆ ನಮೂದಿಸಿ. ಇಲ್ಲದಿದ್ದರೆ ಕಸ ಗುಡಿಸುವ ಕೆಲಸದಲ್ಲೇ ಪ್ರಮಾಣ ತುಂಬಿಸುತ್ತಾರೆ. ನೀರಿನ ಮಿತಿಯೂ ಇರಲಿ. ಬೇಸಿಗೆಯಲ್ಲಿ ಹಳ್ಳಿಯ ಬಾವಿ ಬತ್ತಿ ವಸತಿಯ ತೊಟ್ಟಿ ತುಂಬಿದ್ದರೆ ಆ ಯೋಜನೆ ಅಲ್ಲಿಗೇ ಮುಗಿಯಿತು.

ನಮೀಬಿಯಾವನ್ನು ನೋಡುವುದು ಒಳ್ಳೆಯದು. 1996ರಲ್ಲಿ ಕಾನೂನು ತಿದ್ದಿ, ಹಳ್ಳಿಗರು ಸಂರಕ್ಷಣಾ ಸಂಘ ನೋಂದಾಯಿಸಿದರೆ ವನ್ಯಜೀವಿ ಮತ್ತು ಪ್ರವಾಸೋದ್ಯಮದ ಆದಾಯದ ಹಕ್ಕು ಅವರದೇ ಎಂದರು. ಮೊದಲ ಸಂಘಗಳು 1998ರಲ್ಲಿ ನೋಂದಣಿಯಾದವು. ನೋಂದಣಿಗೆ ಗಡಿ ನಿಗದಿ, ಸದಸ್ಯರ ಪಟ್ಟಿ, ಸಮಿತಿ, ಬೈಲಾ ಇವುಗಳ ಜೊತೆ ಲಾಭ ನ್ಯಾಯವಾಗಿ ಹಂಚುವ ಯೋಜನೆಯೂ ಬೇಕು. ಹಕ್ಕು ಕಾಗದದಲ್ಲಿದ್ದುದರಿಂದಲೇ ಕಂಪನಿಗಳ ಎದುರು ಕೂತು ಮಾತಾಡುವ ಬಲ ಅವರಿಗೆ ಬಂತು. ನಿಮ್ಮಲ್ಲಿ ಜಾಗದ ಹಕ್ಕು ಸ್ಪಷ್ಟವಿಲ್ಲದಿದ್ದರೆ ಮೊದಲ 6 ತಿಂಗಳು ಅದಕ್ಕೇ ಕೊಡಿ.

ಪ್ರವೇಶ ಶುಲ್ಕದ ಪಾಲನ್ನೂ ಕೇಳಿ. ರುವಾಂಡಾದಲ್ಲಿ 2005ರಿಂದ ರಾಷ್ಟ್ರೀಯ ಉದ್ಯಾನಗಳ ಪ್ರವಾಸೋದ್ಯಮ ಆದಾಯದ ಶೇ. 5 ಸುತ್ತಲ ಸಮುದಾಯಗಳಿಗೆ ಹೋಗುತ್ತಿತ್ತು, 2017ರಲ್ಲಿ ಅದನ್ನು ಶೇ. 10ಕ್ಕೆ ಏರಿಸಿದರು. ಇದರ ಗುಣ, ಗೈಡ್ ಆಗಲಾರದ ವೃದ್ಧರ ಮನೆಗೂ ಅದು ತಲುಪಬಹುದು. ದೋಷ, ಕಟ್ಟಡಗಳಿಗೇ ಎಲ್ಲ ಖರ್ಚಾಗಿಬಿಡಬಹುದು. ಖಾತೆಗೆ ಮೂವರ ಸಹಿ ಇರಲಿ, ಇಬ್ಬರದು ಕಡ್ಡಾಯ, ಒಬ್ಬರು ಕೊನೆಯ ಎರಡು ರಾಶಿಯ ಮನೆಯವರೇ ಆಗಿರಲಿ. ತಿಂಗಳ ಜಮೆ-ಖರ್ಚು ಎಲ್ಲರೂ ಓಡಾಡುವ ಜಾಗದ ಫಲಕದ ಮೇಲೆ ಬರೆಯಿರಿ, ಓದು ಬಾರದವರಿಗೆ ಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳಿ.

ಹಳ್ಳಿಹಾದಿ:

ಗೈಡ್ ತರಬೇತಿ ಮರೆತಿತ್ತು. 20 ಜನ ಬೇಡ. ರಜೆ ದಿನ ಗರಿಷ್ಠ ಎಷ್ಟು ಗುಂಪು ಗೈಡ್ ಕೇಳುತ್ತದೆಂದು 4 ವಾರಾಂತ್ಯ ಎಣಿಸಿ, 8 ಜನಕ್ಕೊಬ್ಬರಂತೆ ಲೆಕ್ಕಹಾಕಿ. ಬಹುಶಃ 6–7 ಜನ ಸಾಕು. ಸರದಿ ಪುಸ್ತಕ ಇಡದಿದ್ದರೆ ಚುರುಕಾಗಿ ಮಾತಾಡುವ ಇಬ್ಬರಿಗೇ ಎಲ್ಲ ಕೆಲಸ ಹೋಗುತ್ತದೆ. ಬರೀ ಸರದಿಯೇ ಆದರೆ ಕೆಲಸ ಕಲಿಯುವ ಉತ್ಸಾಹ ಹೋಗುತ್ತದೆ. ಮುಕ್ಕಾಲು ಭಾಗ ಸರದಿಗೆ, ಕಾಲು ಭಾಗ ಪ್ರವಾಸಿಗರ ಆಯ್ಕೆಗೆ ಬಿಡಿ.

ಯಾರೂ ಇರುವ ಕಸುಬು ಬಿಡದಂತೆ ನೋಡಿಕೊಳ್ಳಿ. ಆಡು ಮಾರಿ ಹಾಸಿಗೆ ಕೊಂಡವರಿಗೆ 2020ರಂಥ ವರ್ಷ ಬಂದರೆ ಆಡೂ ಇಲ್ಲ, ಅತಿಥಿಯೂ ಇಲ್ಲ. ಪ್ರವಾಸೋದ್ಯಮದ ಆದಾಯ ಮನೆಯ ಒಟ್ಟು ಆದಾಯದ ಮೂರನೇ ಒಂದು ಪಾಲು ಮೀರದಂತೆ ಯೋಜನೆ ಹಾಕಿ, ಸಾಲ ಮಾಡಿಸಲೇಬೇಡಿ.

ಲೆಕ್ಕಪಟ್ಟಿ:

ಅಳತೆಯ ಬಗ್ಗೆ: ಕೆಲಸ ಶುರುವಾಗುವ ಮೊದಲೇ ಕೊನೆಯ ಎರಡು ರಾಶಿಯಿಂದ 30 ಮನೆ ಆರಿಸಿ, ಆದಾಯವನ್ನು ಮೂಲವಾರು ಬರೆದಿಡಿ. ಆಮೇಲೆ ವರ್ಷಕ್ಕೆ ಎರಡು ಸಲ, ಒಮ್ಮೆ ಜನ ತುಂಬಿದ ತಿಂಗಳಲ್ಲಿ, ಒಮ್ಮೆ ಖಾಲಿ ತಿಂಗಳಲ್ಲಿ, ಅದೇ ಮನೆಗಳಲ್ಲಿ ಅದೇ ಪ್ರಶ್ನೆ. ಹಣ ಮನೆಯಲ್ಲಿ ಯಾರ ಕೈಗೆ ಬಂತು ಎಂಬುದನ್ನೂ ಕೇಳಿ. ಯೋಜನೆ ಮುಟ್ಟದ ಪಕ್ಕದ ಹಳ್ಳಿಯ 15 ಮನೆಗಳನ್ನೂ ಸೇರಿಸಿ, ಇಲ್ಲದಿದ್ದರೆ ಒಳ್ಳೆಯ ಮಳೆಯಿಂದ ಬಂದ ಆದಾಯವನ್ನು ಯೋಜನೆಯ ಲೆಕ್ಕಕ್ಕೆ ಬರೆದುಕೊಳ್ಳುತ್ತೀರಿ. 18ನೇ ತಿಂಗಳಲ್ಲಿ ಯಾವ ಚಟುವಟಿಕೆಯಿಂದ ಆ 30 ಮನೆಗಳಿಗೆ ಏನೂ ಬಂದಿಲ್ಲವೋ ಅದರ ಹಣವನ್ನು ಬಂದದ್ದಕ್ಕೆ ವರ್ಗಾಯಿಸುವ ಅಧಿಕಾರ ಕರಡಿನಲ್ಲೇ ಇರಲಿ.