ಮೊಣಕಾಲು ನೋವಿಗೆ ಭಜನಿ ಬಿಟ್ಟವರನ್ನ ಮತ್ತ ಹೊರಗ ಕರಕೊಂಡು ಹೋಗೋದು ಹೆಂಗ?

ಪ್ರಶ್ನೆ (ನವನಗರ, ಬಾಗಲಕೋಟೆ):
ನಮ್ಮ ಅತ್ತಿಯವರಿಗೆ 68 ವರ್ಷ. ಎರಡೂ ಮೊಣಕಾಲು ಸವದಾವ ಅಂತ ಎಕ್ಸ್‌ರೇದಾಗ ಬಂದೈತಿ. ಹಿನ್ನೀರಿಗೆ ಹಳೇ ಊರು ಬಿಟ್ಟ ಮ್ಯಾಲ ಓಣಿಯವರೆಲ್ಲ ಬ್ಯಾರೆ ಬ್ಯಾರೆ ಸೆಕ್ಟರ್‌ನ್ಯಾಗ ಅದಾರ, ಸೋಮವಾರದ ಭಜನ್ಯಾಗ ಅಷ್ಟ ಕೂಡತಿದ್ರು. ಆರು ತಿಂಗಳಿಂದ ಅದನ್ನೂ ಬಿಟ್ಟಾರ, ಕುಬಸಕ್ಕ ಕರದ್ರೂ ಒಲ್ಲೆ ಅಂತಾರ. ನಡಿಯಾಕ ಬರತೈತಿ. ಎಲ್ಲಿಂದ ಶುರು ಮಾಡೋಣ?

ಫಿಸಿಯೋಥೆರಪಿಸ್ಟ್, ವಿಜಯಪುರ:
ನಡೆಯಲು ಬರುವವರೂ ಭಜನೆ ಬಿಡುವುದು ಹೆಚ್ಚಾಗಿ ಏಳುವ ಸಂಕೋಚಕ್ಕೆ. ನಾಲ್ಕು ಜನರ ಮುಂದೆ ಜಮಖಾನೆ ಮೇಲೆ ಮಗ್ಗುಲಾಗಿ, ಎರಡೂ ಕೈ ಊರಿ ಏಳಬೇಕಲ್ಲ. ಕೈ ಇರುವ ಕುರ್ಚಿ ಬೇಕು, ಕೂರುವ ಜಾಗ ನೆಲದಿಂದ ಸುಮಾರು 18 ಇಂಚು. ಒಂದೇ ಕುರ್ಚಿ ಗೋಡೆಗೆ ಹಾಕಿದರೆ ಕೂರುವುದಿಲ್ಲ. ಮೂರು ಹಾಕಿ, ತಾಳ ಬಾರಿಸುವವರ ಸಾಲಿಗೇ ಹಾಕಿ. ಕೋಲು ಹೆಚ್ಚು ನೋಯುವ ಕಾಲಿನ ಎದುರು ಕೈಯಲ್ಲಿರಲಿ, ಹಿಡಿ ಮಣಿಕಟ್ಟಿನ ಎತ್ತರಕ್ಕೆ ಬರಲಿ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಮನೆಯಲ್ಲಿ ಕಾಲು ಚಾಚಿ, ಮೊಣಕಾಲ ಕೆಳಗೆ ಸುತ್ತಿದ ಟವೆಲ್ ಇಟ್ಟು 5 ಸೆಕೆಂಡು ಒತ್ತಿ ಬಿಡುವುದು, ಒಂದೊಂದು ಕಾಲಿಗೆ 10 ಸಲ, ದಿನಕ್ಕೆ ಎರಡು ಹೊತ್ತು. ತೊಡೆಗೆ ಬಲ ಬರಲು ಆರೆಂಟು ವಾರ ಬೇಕು, ನಡುವೆ ಬಿಡಬೇಡಿ.

ಆಶಾ ಕಾರ್ಯಕರ್ತೆ, ಬೆಳಗಾವಿ ಜಿಲ್ಲೆ:
ಮೊದಲ ದಿನ ಅರ್ಧ ತಾಸು ಸಾಕ್ರಿ. ಇವತ್ತ ಬ್ಯಾನಿ ಇಲ್ಲ ಅಂತ ಮಂಗಳಾರತಿ ತನಕ ಕುಂತು, ಬರ್ತಾ ಎರಡು ಮನಿ ಹೊಕ್ಕು ಬಂದ್ರ ಮೂರು ದಿನ ಹಾಸಿಗಿ ಹಿಡೀತಾರ. ಆಮ್ಯಾಲ ಭಜನಿ ಅಂದ್ರನ ಅಂಜತಾರ. ಆರಾಮ ಇದ್ದಾಗನ ಎಬ್ಬಿಸಿ ಕರಕೊಂಡು ಬರ್ರಿ. ಮತ್ತ "ಅತ್ತಿ, ನೀವು ಸುಮ್ಮ ಕುಂದರ್ರಿ" ಅಂತ ಕೆಲಸೆಲ್ಲ ಕಸಗೋಬ್ಯಾಡ್ರಿ. ಅಡಗಿ ಮನಿ ಬಿಟ್ಟ ಕೂಡ್ಲೆ ಮನಿಯವರ ಕೂಡ ಮಾತೂ ಕಡಿಮಿ ಆಗತಾವ. ಕಟ್ಟಿ ಹತ್ರ ಎತ್ತರದ ಸ್ಟೂಲ್ ಇಟ್ಟು ಪುಂಡಿಪಲ್ಯ ಸೋಸಾಕ, ಶೇಂಗಾ ಸುಲಿಯಾಕ ಕೊಡ್ರಿ.

ವೈದ್ಯೆ, ಬಾಗಲಕೋಟೆ:
ಕಾರ್ಯದ ದಿನ ಅಂತ ಅಂಗಡಿಯಿಂದ ಡೈಕ್ಲೋಫೆನಾಕ್ ನೋವಿನ ಗುಳಿಗೆ ತಂದು ನುಂಗಿಸಬೇಡಿ. ಈ ವಯಸ್ಸಿಗೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಬಹುದು; ಬಿಪಿ ಗುಳಿಗೆಯೂ ಇದ್ದರೆ ಕಿಡ್ನಿಗೆ ಪೆಟ್ಟು. ಬೆಳಿಗ್ಗೆ ಕೈಬೆರಳು ತಾಸುಗಟ್ಟಲೆ ಬಿಗಿದಿದ್ದರೆ ಅದು ಬರೀ ಸವೆತ ಇರಲಿಕ್ಕಿಲ್ಲ, ತೋರಿಸಿ. ಎರಡು ವಾರದಿಂದ ನಿದ್ದೆ, ಊಟ, ಮಾತು ಎಲ್ಲ ಇಳಿದಿದ್ದರೆ ಖಿನ್ನತೆಯನ್ನೂ ನೋಡಿಸಬೇಕು. ಅದಕ್ಕೆ ಮದ್ದಾಗದೆ ಮೊಣಕಾಲ ನೋವೂ ಹಿಡಿತಕ್ಕೆ ಬರುವುದು ಕಷ್ಟ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಪುಕ್ಕಟೆ ಕರೆ ಮಾಡಬಹುದು.

ಫಿಸಿಯೋಥೆರಪಿಸ್ಟ್, ವಿಜಯಪುರ:
ಒಂದು ಬಿಟ್ಟಿದ್ದೆ. ಗುಡಿ ಹತ್ತಿರ ಕಮೋಡ್ ಇರುವ ಮನೆ ಯಾರದು ಅಂತ ಮೊದಲೇ ಕೇಳಿಟ್ಟುಕೊಂಡು ಅತ್ತೆಯವರಿಗೆ ಹೇಳಿ. ಕುಕ್ಕರುಗಾಲಲ್ಲಿ ಕೂರಲಾಗದೆ, ಬಾಯಿ ಬಿಟ್ಟು ಹೇಳಲೂ ಆಗದೆ ಮನೆ ಹಿಡಿದವರು ಬಹಳ.