ಮೊದಲ ಮೇವಿನ ತಾಕು: ಓಟ್ಸ್ ಎದ್ದಿದೆ, ಕ್ಲೋವರ್ ಎಲ್ಲಿ ಹೋಯಿತು? ಜಿಂಕೆ ಯಾಕೆ ನಿಲ್ಲುತ್ತಿಲ್ಲ?

ಹೊಸತಾಕು:
ಎಲ್ಲರಿಗೂ ನಮಸ್ಕಾರ. ಕಾಡಿನ ಅಂಚಿಗೆ ತಾಗಿದ ಅರ್ಧ ಎಕರೆ ಬೀಳು ಜಾಗದಲ್ಲಿ ಜಿಂಕೆ, ಮೊಲ, ಹಕ್ಕಿಗಳಿಗೆ ಅಂತ ಮೊದಲ ಸಲ ಮೇವು ಬಿತ್ತಿದ್ದೇನೆ. ಬಿಳಿ ಕ್ಲೋವರ್ (ಮೂರೆಲೆಯ, ದ್ವಿದಳ ಜಾತಿಯ ಮೇವಿನ ಗಿಡ) ಮತ್ತು ಓಟ್ಸ್. ಹಳೆ ಹುಲ್ಲು ತೆಗೆದು, ಆಳವಾಗಿ ಉಳುಮೆ ಮಾಡಿಸಿ, ಎರಡೂ ಬೀಜವನ್ನು ಒಟ್ಟಿಗೆ ಎರಚಿ, ಮೇಲೆ ಹಲುಬೆ (ಮಣ್ಣು ಕೆದಕಿ ಬೀಜ ಮುಚ್ಚುವ ಹಲ್ಲಿನ ಸಾಧನ) ಎಳೆಸಿದೆ. ಬಿತ್ತಿದ ಮೇಲೆ ಹದವಾದ ಮಳೆಯೂ ಬಿತ್ತು.

ಈಗ ಒಂದು ತಿಂಗಳ ಮೇಲಾಗಿದೆ. ಓಟ್ಸ್ ಮೊಣಕಾಲ ಹತ್ತಿರ ಬಂದಿದೆ, ಒತ್ತೊತ್ತಾಗಿದೆ. ಕ್ಲೋವರ್ ಮಾತ್ರ ಅಲ್ಲೊಂದು ಇಲ್ಲೊಂದು. ವಿಚಿತ್ರ ಅಂದರೆ, ಟ್ರ್ಯಾಕ್ಟರ್ ಚಕ್ರ ಹೋದ ಎರಡು ಗೆರೆಯಲ್ಲಿ ಕ್ಲೋವರ್ ಸಾಲಾಗಿ ಬಂದಿದೆ, ಪಕ್ಕದಲ್ಲಿ ಇಲ್ಲ. ಬಂದ ಗಿಡವೂ ತಿಳಿ ಹಳದಿ. ಕಾಡಿನ ಕಡೆಯ ಅಂಚಲ್ಲಿ ಓಟ್ಸ್ ಮೇಯ್ದ ಗುರುತು ಇದೆ. ಆದರೆ ನಡು ತಾಕಿಗೆ ಯಾವ ಪ್ರಾಣಿಯೂ ಬರುವ ಹಾಗೆ ಕಾಣುತ್ತಿಲ್ಲ.

ಬೀಜವೇ ಕೆಟ್ಟದ್ದಾ? ಗೊಬ್ಬರ ಸಾಲದಾ? ಇನ್ನೊಂದಿಷ್ಟು ಕ್ಲೋವರ್ ಎರಚಿಬಿಡಲಾ?

ಹಸಿರುಗೈ:
ಹಳದಿ ಅಂದರೆ ಸಾರಜನಕದ ಕೊರತೆ. ಮಳೆಗೆ ಮುಂಚೆ ಸ್ವಲ್ಪ ಯೂರಿಯಾ ಹಾಕಿ, ಬೇಗ ಹಸಿರಾಗುತ್ತದೆ.

ಬೇರುಬಲ್ಲ:
ದಯವಿಟ್ಟು ಈಗ ಯೂರಿಯಾ ಬೇಡ. ಸಾರಜನಕದ ಕೊರತೆ ಇರಬಹುದು ಅನ್ನುವ ಮಾತು ಸರಿ. ಆದರೆ ಯೂರಿಯಾ ಹಾಕಿದರೆ ಮೊದಲು ಏಳುವುದು ಓಟ್ಸ್, ಆಮೇಲೆ ಹುಲ್ಲು. ಕ್ಲೋವರ್ ಅದರ ನೆರಳಲ್ಲಿ ಪೂರ್ತಿ ಮುಳುಗುತ್ತದೆ. ಕ್ಲೋವರ್ ತನ್ನ ಸಾರಜನಕವನ್ನು ತಾನೇ ಮಾಡಿಕೊಳ್ಳಬೇಕು. ಯಾಕೆ ಮಾಡಿಕೊಳ್ಳುತ್ತಿಲ್ಲ ಅನ್ನುವುದನ್ನು ಹುಡುಕಬೇಕು.

ಕ್ಲೋವರ್ ಕಾಣದಿರಲು ಮೂರು ಕಾರಣ ಇರಬಹುದು. ಹುಟ್ಟಲೇ ಇಲ್ಲ. ಹುಟ್ಟಿ ಸತ್ತಿತು. ಇಲ್ಲವೇ ಹುಟ್ಟಿದ್ದನ್ನು ಪ್ರಾಣಿ ತಿಂದಿತು. ದೂರದಿಂದ ನೋಡಿದರೆ ಮೂರೂ ಒಂದೇ ಥರ ಕಾಣುತ್ತವೆ, ಪರಿಹಾರ ಮಾತ್ರ ಬೇರೆ ಬೇರೆ. ಯಾವುದು ಅಂತ ಗೊತ್ತಾಗದೆ ಸುಮ್ನೆ ಬೀಜ ಎರಚಿದರೆ ಅದೂ ಹೋಗುತ್ತದೆ.

ಚಕ್ರದ ಗೆರೆಯ ವಿಷಯ ಹೇಳಿದ್ದು ತುಂಬ ಒಳ್ಳೆಯದಾಯಿತು. ಅದೇ ಬೀಜ, ಅದೇ ಮಣ್ಣು, ಅದೇ ಮಳೆ. ಗೆರೆಯಲ್ಲಿ ಇರುವ ವ್ಯತ್ಯಾಸ ಒಂದೇ, ಅಲ್ಲಿ ಮಣ್ಣು ಗಟ್ಟಿಯಾಗಿ ಕೂತಿದೆ. ಅಂದರೆ ಬೀಜ ಪೂರ್ತಿ ಕೆಟ್ಟದ್ದಲ್ಲ. ಕ್ಲೋವರ್ ಬೀಜ ಸಾಸಿವೆಗಿಂತ ಸಣ್ಣದು, ಒಂದು ಕಿಲೋದಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಇರುತ್ತದೆ. ಅದರೊಳಗಿನ ಕಸುವು ಹೆಚ್ಚೆಂದರೆ 6 ಮಿಲಿಮೀಟರ್ ಮಣ್ಣನ್ನು ದಾಟಲು ಸಾಕು. ಓಟ್ಸ್ ಬೀಜಕ್ಕೆ 2.5ರಿಂದ 4 ಸೆಂಟಿಮೀಟರ್ ಆಳ ಬೇಕು. ಎರಡನ್ನೂ ಸಡಿಲ ಮಣ್ಣಿನ ಮೇಲೆ ಎರಚಿ ಒಂದೇ ಹಲುಬೆ ಎಳೆದರೆ ಓಟ್ಸ್‌ಗೆ ಸರಿಯಾದ ಆಳ ಸಿಗುತ್ತದೆ, ಕ್ಲೋವರ್ ಹೂತುಹೋಗುತ್ತದೆ. ಹೂತುಹೋಗದೆ ಮೇಲೆ ಉಳಿದದ್ದು ಸಡಿಲ ಮಣ್ಣಿನಲ್ಲಿ ಬೇಗ ಒಣಗುತ್ತದೆ.

ಇದು ಹುಟ್ಟದ ಬೀಜದ ಕಥೆ. ಹುಟ್ಟಿದ ಗಿಡ ಯಾಕೆ ಹಳದಿ ಅನ್ನುವುದಕ್ಕೆ ಇವು ಬೇಕು: ಮಣ್ಣಿನ ಪಿಎಚ್, ಅಂದರೆ ಹುಳಿಯ ಅಳತೆ ಎಷ್ಟು? ಬೀಜದ ಚೀಲದ ಚೀಟಿಯಲ್ಲಿ ಏನಿದೆ? ಬೀಜಕ್ಕೆ ರೈಜೋಬಿಯಂ (ಬೇರಿನ ಗಂಟಿನಲ್ಲಿದ್ದು ಗಾಳಿಯ ಸಾರಜನಕ ಹಿಡಿದುಕೊಡುವ ಬ್ಯಾಕ್ಟೀರಿಯಾ) ಹಚ್ಚಿದ್ದಿರಾ? ಜೊತೆಗೆ ಒಂದು ಹಳದಿ ಗಿಡವನ್ನು ಅಗೆದು ಬೇರು ನೋಡಿ. ಕೈಯಲ್ಲಿ ಕೀಳಬೇಡಿ, ಗಂಟುಗಳು ಮಣ್ಣಲ್ಲೇ ಕಳಚಿಕೊಳ್ಳುತ್ತವೆ. ಸಲಿಕೆಯಿಂದ ಮಣ್ಣಿನ ಹೆಂಟೆ ಸಮೇತ ಎತ್ತಿ, ಬಕೆಟ್ ನೀರಲ್ಲಿ ನೆನೆಸಿ, ಮಣ್ಣು ತಾನಾಗಿ ಬಿಡಲಿ. ಆಮೇಲೆ ಬೇರಿನ ಮೇಲಿನ ಸಣ್ಣ ಗಂಟನ್ನು ಉಗುರಿನಿಂದ ಸೀಳಿ. ಒಳಗೆ ನಸುಗೆಂಪು ಇದ್ದರೆ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿಯುತ್ತಿದೆ ಅಂತ ಅರ್ಥ. ಬಿಳಿ, ಹಸಿರು ಅಥವಾ ಬೂದು ಇದ್ದರೆ ಕೆಲಸ ಮಾಡುತ್ತಿಲ್ಲ.

ಮಣ್ಣಿನ ಮಾದರಿಯನ್ನು ಒಂದೇ ಕಡೆಯಿಂದ ತೆಗೆಯಬೇಡಿ. 10–15 ಕಡೆಯಿಂದ, 15 ಸೆಂಟಿಮೀಟರ್ ಆಳದವರೆಗೆ ತೆಗೆದು, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ, ಅದರಿಂದ ಸುಮಾರು ಅರ್ಧ ಕಿಲೋ ಪರೀಕ್ಷೆಗೆ ಕೊಡಿ. ಸತುವಿನ ಲೇಪ ಇರುವ ಬಕೆಟ್ ಬಳಸಿದರೆ ವರದಿಯಲ್ಲಿ ಸತುವಿನ ಅಂಶ ತಪ್ಪಾಗಿ ಬರುತ್ತದೆ.

ಕಾಡಂಚು:
ಬೇರಿನ ಜೊತೆ ಎಲೆ ತುದಿಯನ್ನೂ ನೋಡಿ. ಜಿಂಕೆಗೆ ಮೇಲ್ದವಡೆಯ ಮುಂದುಗಡೆ ಬಾಚಿಹಲ್ಲು ಇಲ್ಲ. ಅದು ಎಲೆಯನ್ನು ಕಚ್ಚಿ ಹಿಡಿದು ಎಳೆಯುತ್ತದೆ. ಹಾಗಾಗಿ ತುದಿ ಹರಿದು ಜುಂಗು ಜುಂಗಾಗಿ ಉಳಿಯುತ್ತದೆ. ಮೊಲ ಕಚ್ಚಿದರೆ ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಿದಷ್ಟು ನುಣುಪು. ಎಲೆಯಲ್ಲಿ ತೂತು, ಪಕ್ಕದಲ್ಲಿ ಒಣಗಿದ ಲೋಳೆಯ ಹೊಳೆಯುವ ಗೆರೆ ಇದ್ದರೆ ಅದು ಗೊಂಡೆಹುಳು (ಚಿಪ್ಪಿಲ್ಲದ ಬಸವನಹುಳು), ಎಳೆ ಸಸಿಯನ್ನು ರಾತ್ರೋರಾತ್ರಿ ಮುಗಿಸುತ್ತದೆ.

ಇವತ್ತೇ ಒಂದು ಬೇಲಿ ಬುಟ್ಟಿ ಇಡಿ. ತಂತಿ ಬಲೆಯನ್ನು ಸುಮಾರು 1 ಮೀಟರ್ ಅಗಲದ ಗುಂಡಗೆ ಸುತ್ತಿ, ಎದೆಯೆತ್ತರಕ್ಕೆ ನಿಲ್ಲಿಸಿ, ಗೂಟಕ್ಕೆ ಕಟ್ಟಿ. ಕೆಲವು ವಾರ ಆದಮೇಲೆ ಒಳಗೆ ಎತ್ತರ, ಹೊರಗೆ ಗಿಡ್ಡ ಇದ್ದರೆ ಪ್ರಾಣಿ ಬರುತ್ತಿದೆ, ನಿಮಗೆ ಕಾಣುತ್ತಿಲ್ಲ ಅಷ್ಟೇ. ಒಳಗೂ ಹೊರಗೂ ಒಂದೇ ಥರ ಇದ್ದರೆ ಅಲ್ಲಿ ಪ್ರಾಣಿ ಮೇಯುತ್ತಿಲ್ಲ. ಎರಡೂ ಕಡೆ ಗಿಡ ಸೊರಗಿದ್ದರೆ ತೊಂದರೆ ಹೆಚ್ಚಾಗಿ ಮಣ್ಣಲ್ಲಿದೆ.

ಹೊಸತಾಕು:
ಎಲ್ಲರಿಗೂ ತುಂಬ ಥ್ಯಾಂಕ್ಸ್. ವರದಿ ಬಂತು, ಪಿಎಚ್ 5.4. ರಂಜಕವೂ ಕಡಿಮೆ. ಬೇರನ್ನು ಹೇಳಿದ ಹಾಗೆ ತೊಳೆದು ನೋಡಿದೆ. ಚಕ್ರದ ಗೆರೆಯ ಗಿಡದಲ್ಲೂ ಗಂಟು ತೀರಾ ಕಡಿಮೆ, ಸೀಳಿದರೆ ಬಿಳಿ.

ಚೀಟಿಯಲ್ಲಿ ಹೀಗಿದೆ: ಲೇಪನ 34 ಶೇಕಡಾ, ಶುದ್ಧ ಬೀಜ 65 ಶೇಕಡಾ, ಮೊಳಕೆ 90 ಶೇಕಡಾ. ಲೇಪನದಲ್ಲೇ ರೈಜೋಬಿಯಂ ಇದೆ ಅಂತ ಬರೆದಿದೆ, ಆದರೆ ಅದರ ಅವಧಿ ಬಿತ್ತುವ ಮೊದಲೇ ಮುಗಿದಿತ್ತು. ಹಾಕಿದ್ದು 2 ಕಿಲೋ ಕ್ಲೋವರ್, 25 ಕಿಲೋ ಓಟ್ಸ್. ಎಲೆ ತುದಿ ಹರಿದ ಹಾಗೇ ಇದೆ, ಅಂದರೆ ಜಿಂಕೆ. ಕಾಡಂಚಿಗೊಂದು, ನಡುವಿಗೊಂದು ಬುಟ್ಟಿ ಇಟ್ಟಿದ್ದೇನೆ.

ಬೇರುಬಲ್ಲ:
ಈಗ ಚಿತ್ರ ಸ್ಪಷ್ಟವಾಯಿತು.

ದೊಡ್ಡ ತೊಂದರೆ ಪಿಎಚ್. ಕ್ಲೋವರ್‌ಗೆ 6ರಿಂದ 7ರ ನಡುವೆ ಬೇಕು. ಈ ಅಳತೆಯಲ್ಲಿ ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ, ಹಾಗಾಗಿ 5.4 ಅನ್ನುವುದು ಸಣ್ಣ ವ್ಯತ್ಯಾಸ ಅಲ್ಲ. ಹುಳಿ ಮಣ್ಣಲ್ಲಿ ರಂಜಕ ಕಟ್ಟಿಹಾಕಿದ ಹಾಗೆ ಉಳಿಯುತ್ತದೆ, ಅಲ್ಯೂಮಿನಿಯಂ ಕರಗಿ ಬೇರನ್ನು ಮೊಟಕು ಮಾಡುತ್ತದೆ. ಕ್ಲೋವರ್‌ನ ರೈಜೋಬಿಯಂ ಕೂಡ ಅಲ್ಲಿ ಚೆನ್ನಾಗಿ ಬಾಳುವುದಿಲ್ಲ. ಸಾರಜನಕ ಹಿಡಿಯಲು ಬೇಕಾದ ಮಾಲಿಬ್ಡಿನಂ ಸಹ ಹುಳಿ ಮಣ್ಣಲ್ಲಿ ಸಿಗುವುದು ಕಷ್ಟ. ಓಟ್ಸ್ ಈ ಹುಳಿಯನ್ನು ಬಹುಮಟ್ಟಿಗೆ ತಡೆದುಕೊಳ್ಳುತ್ತದೆ. ಒಂದೇ ತಾಕಿನಲ್ಲಿ ಒಂದು ಬೆಳೆದು ಇನ್ನೊಂದು ಸೊರಗಿದ್ದು ಅದಕ್ಕೇ.

ಅದರ ಮೇಲೆ ಅವಧಿ ಮುಗಿದ ರೈಜೋಬಿಯಂ. ಅದು ಜೀವಂತ ಬ್ಯಾಕ್ಟೀರಿಯಾ, ಬಿಸಿಲು ಮತ್ತು ಶಾಖಕ್ಕೆ ಸಾಯುತ್ತದೆ. ಮುಂದಿನ ಸಲ ಹೊಸ ಪೊಟ್ಟಣ ತಂದು, ನೆರಳಲ್ಲಿ ಬೀಜಕ್ಕೆ ಹಚ್ಚಿ, ಅವತ್ತೇ ಬಿತ್ತಿ. ಗೊಬ್ಬರದ ಜೊತೆ ಕಲಸಬೇಡಿ. ಪೊಟ್ಟಣದ ಮೇಲೆ ಕ್ಲೋವರ್‌ಗೆ ಅಂತಲೇ ಬರೆದಿರಬೇಕು. ಅಲಸಂದೆಯದ್ದೋ ಸೋಯಾದ್ದೋ ಹಚ್ಚಿದರೆ ಕ್ಲೋವರ್ ಬೇರಲ್ಲಿ ಗಂಟು ಕಟ್ಟುವುದಿಲ್ಲ.

ಬೀಜದ ಲೆಕ್ಕ ನೋಡಿ. 2 ಕಿಲೋ ಚೀಲದಲ್ಲಿ ಶುದ್ಧ ಬೀಜ 1.3 ಕಿಲೋ. ಅದರಲ್ಲಿ 90 ಶೇಕಡಾ ಮೊಳೆತರೆ 1.17 ಕಿಲೋ. ಅರ್ಧ ಎಕರೆಗೆ ಇದು ತೀರಾ ಕಡಿಮೆಯೇನಲ್ಲ, ಹಾಗಾಗಿ ಇದು ಮುಖ್ಯ ಕಾರಣ ಅಲ್ಲ. ಓಟ್ಸ್ ಮಾತ್ರ ತೀರಾ ಜಾಸ್ತಿ. 25 ಕಿಲೋ ಅಂದರೆ ಓಟ್ಸ್ ಒಂದನ್ನೇ ಬೆಳೆಯುವಾಗ ಹಾಕುವ ಪ್ರಮಾಣ. ಕ್ಲೋವರ್‌ಗೆ ಆಸರೆಯಾಗಿ ಹಾಕುವುದಾದರೆ ಅರ್ಧ ಎಕರೆಗೆ 8–10 ಕಿಲೋ ಸಾಕು.

ಈ ಹಂಗಾಮಿನಲ್ಲಿ ಕ್ಲೋವರ್ ಮೇಲೆ ಇನ್ನು ಖರ್ಚು ಮಾಡಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಓಟ್ಸ್ ಚೆನ್ನಾಗಿದೆ, ಅದು ಜಿಂಕೆಗೆ ಒಳ್ಳೆಯ ಮೇವೇ. ಅದನ್ನು ಉಳಿಸಿಕೊಂಡು ಮಣ್ಣು ಸರಿ ಮಾಡಿ.

ಹೊಸತಾಕು:
ಹಾಗಾದರೆ ಸುಣ್ಣ ಈಗಲೇ ಮೇಲಿಂದ ಎರಚಲಾ? ಓಟ್ಸ್ ಮುಗಿದ ಮೇಲೆ ಉತ್ತು ಸೇರಿಸಲಾ?

ಬೇರುಬಲ್ಲ:
ಉತ್ತು ಸೇರಿಸಿ. ಮೇಲೆ ಎರಚಿದ ಸುಣ್ಣ ಮೇಲ್ಪದರದ ಕೆಲವು ಸೆಂಟಿಮೀಟರ್‌ಗಷ್ಟೇ ತಟ್ಟುತ್ತದೆ, ಕೆಳಗೆ ಇಳಿಯಲು ವರ್ಷಗಳೇ ಬೇಕು. ಉಳದೆ ಬೇರೆ ದಾರಿ ಇಲ್ಲದವರಿಗೆ ಅದೂ ಸರಿ. ನಿಮಗೆ ಉಳುವ ಅವಕಾಶ ಇದೆ, ಅಲ್ವಾ? ಓಟ್ಸ್ ಮುಗಿದ ತಕ್ಷಣ ಎರಚಿ, 10–15 ಸೆಂಟಿಮೀಟರ್ ಆಳಕ್ಕೆ ಕಲಸಿ. ಕೃಷಿ ಸುಣ್ಣದ ಪುಡಿಯನ್ನೇ ತನ್ನಿ, ಸುಟ್ಟ ಸುಣ್ಣ ಬೇಡ. ಪುಡಿ ನುಣ್ಣಗಿದ್ದಷ್ಟೂ ಬೇಗ ಕೆಲಸ ಮಾಡುತ್ತದೆ. ಆದರೂ ಪಿಎಚ್ ಏರಲು ಕೆಲವು ತಿಂಗಳು ಹಿಡಿಯುತ್ತದೆ. ಎಷ್ಟು ಹಾಕಬೇಕು ಅನ್ನುವುದು ವರದಿಯಲ್ಲಿರುತ್ತದೆ. ಬೇರೆಯವರ ಲೆಕ್ಕ ನೋಡಿ ಹಾಕಬೇಡಿ. ಒಂದೇ ಪಿಎಚ್ ಇದ್ದರೂ ಜೇಡಿ ಮಣ್ಣಿಗೆ ಮರಳು ಮಣ್ಣಿಗಿಂತ ಜಾಸ್ತಿ ಸುಣ್ಣ ಬೇಕು.

ನಡುವಿನ ಬಿಸಿ ತಿಂಗಳಲ್ಲಿ ಜಾಗ ಖಾಲಿ ಬಿಡಬೇಡಿ, ಕಳೆ ಹತ್ತುತ್ತದೆ. ಬಕ್‌ವೀಟ್ (ಬೇಗ ಬೆಳೆಯುವ ಒಂದು ಕಾಳಿನ ಗಿಡ) ಬಿತ್ತಿ. ಹುಳಿ ಮಣ್ಣಲ್ಲೂ ಬರುತ್ತದೆ, ಸುಮಾರು 4ರಿಂದ 6 ವಾರದಲ್ಲಿ ಹೂ ಬಿಡುತ್ತದೆ, ಜೇನುಹುಳು ತುಂಬಿಕೊಳ್ಳುತ್ತವೆ, ಜಿಂಕೆಯೂ ಮೇಯುತ್ತದೆ. ಕಾಳು ಬಲಿಯುವ ಮೊದಲು ಕತ್ತರಿಸಿ ಮಣ್ಣಿಗೆ ಬಿಡಿ, ಇಲ್ಲದಿದ್ದರೆ ಅದೇ ಕಳೆಯಾಗುತ್ತದೆ.

ತಂಪು ಕಾಲ ಬಂದಾಗ ಮತ್ತೆ ಪಿಎಚ್ ನೋಡಿ, 6 ದಾಟಿದ್ದರೆ ಕ್ಲೋವರ್. ಮೊದಲು ಓಟ್ಸ್ ಎರಚಿ ಹಲುಬೆ ಎಳೆಯಿರಿ. ಆಮೇಲೆ ರೋಲರ್ ಹಾಯಿಸಿ. ಅದರ ಮೇಲೆ ನಡೆದು ನೋಡಿ, ಹಿಮ್ಮಡಿ 1 ಸೆಂಟಿಮೀಟರ್‌ಗಿಂತ ಆಳಕ್ಕೆ ಇಳಿದರೆ ಇನ್ನೊಮ್ಮೆ ರೋಲರ್. ಗಟ್ಟಿಯಾದ ಮೇಲೆ ಕ್ಲೋವರ್ ಎರಚಿ, ಮತ್ತೆ ರೋಲರ್. ಕ್ಲೋವರ್ ಮೇಲೆ ಹಲುಬೆ ಮುಟ್ಟಿಸಲೇ ಬೇಡಿ. ಚಕ್ರದ ಗೆರೆಯಲ್ಲಿ ತಾನಾಗಿ ಆದದ್ದನ್ನು ಇಡೀ ತಾಕಿಗೆ ಮಾಡುತ್ತಿದ್ದೀರಿ.

ಹಸಿರುಗೈ:
ಯೂರಿಯಾ ಮಾತು ವಾಪಸ್ ತಗೊಂಡೆ. ಪಿಎಚ್ 5.4 ಅಂದಮೇಲೆ ಸುಣ್ಣವೇ ಸರಿ. ಓಟ್ಸ್ ನೆರಳು ಜಾಸ್ತಿ ಆದರೆ 15–20 ಸೆಂಟಿಮೀಟರ್ ಎತ್ತರಕ್ಕೆ ಕತ್ತರಿಸಬಹುದು. ಕೆಳಗಿನ ಕ್ಲೋವರ್‌ಗೆ ಬೆಳಕು ಸಿಗುತ್ತದೆ, ಓಟ್ಸ್ ಎಳೆ ಚಿಗುರು ಒಡೆಯುತ್ತದೆ. ಜಿಂಕೆಗೆ ಬಲಿತ ಕಡ್ಡಿಗಿಂತ ಎಳೆ ಚಿಗುರೇ ಇಷ್ಟ.

ಕಾಡಂಚು:
ಪ್ರಾಣಿ ನಡುವಿಗೆ ಬರುತ್ತಿಲ್ಲ ಅನ್ನುವುದಕ್ಕೆ ಉತ್ತರ ಕೊಡುತ್ತೇನೆ. ಜಿಂಕೆ ಅಂಚಿನ ಪ್ರಾಣಿ. ಒಂದು ನೆಗೆತಕ್ಕೆ ಪೊದೆ ಸಿಗುವಷ್ಟು ಹತ್ತಿರದಲ್ಲೇ ಮೇಯುತ್ತದೆ. ಬಯಲಿನ ನಡುವೆ ಹಗಲಲ್ಲಿ ನಿಲ್ಲುವುದು ಕಡಿಮೆ. ಚೌಕಾಕಾರದ ತಾಕಿನಲ್ಲಿ ನಡು ಭಾಗ ಎಲ್ಲ ಅಂಚಿನಿಂದಲೂ ದೂರ. ಮುಂದಿನ ಸಲ ಉದ್ದಕ್ಕೆ, ಅಂಕುಡೊಂಕಾಗಿ ಬಿತ್ತಿ. ಚೌಕವನ್ನೇ ಉಳಿಸಿಕೊಳ್ಳುವುದಾದರೆ ನಡುವೆ ಒಂದು ಪಟ್ಟಿ ಎತ್ತರದ ಹುಲ್ಲು, ಒಂದೆರಡು ಸ್ಥಳೀಯ ಪೊದೆ ಹಾಗೇ ಬಿಡಿ. ಮೊಲ ಮತ್ತು ನೆಲಹಕ್ಕಿಗಳಿಗೆ ಆ ಮರೆ ಮೇವಿನಷ್ಟೇ ಮುಖ್ಯ. ಮರದ ನೆರಳೂ ನೋಡಿಕೊಳ್ಳಿ, ದಿನಕ್ಕೆ ನಾಲ್ಕಾರು ಗಂಟೆ ನೇರ ಬಿಸಿಲು ಬೀಳದ ಕಡೆ ಬೀಜ ಹಾಳು ಮಾಡಬೇಡಿ.

ಪದೇ ಪದೇ ಹೋಗಿ ನೋಡುವುದನ್ನು ನಿಲ್ಲಿಸಿ. ಮನುಷ್ಯರ ವಾಸನೆ ಇರುವಲ್ಲಿ ಜಿಂಕೆ ಹಗಲು ಬಿಟ್ಟು ರಾತ್ರಿ ಮೇಯುತ್ತದೆ. ಕ್ಯಾಮೆರಾ ಇಟ್ಟರೂ ದಿನಾ ಕಾರ್ಡ್ ತೆಗೆಯಲು ಹೋಗಬೇಡಿ.

ಎರಡು ಎಚ್ಚರಿಕೆ. ಬೀಜ ಕೊಳ್ಳುವಾಗ ರೈ ಕಾಳು ಮತ್ತು ರೈಗ್ರಾಸ್ ಒಂದೇ ಅಂದುಕೊಳ್ಳಬೇಡಿ. ರೈ ಒಳ್ಳೆಯ ಮೇವಿನ ಧಾನ್ಯ. ರೈಗ್ರಾಸ್ ಬೇರೆ ಹುಲ್ಲು, ಒಮ್ಮೆ ಬೀಜ ಉದುರಿಸಿದರೆ ತಾಕಿನಿಂದ ಓಡಿಸುವುದು ಕಷ್ಟ. ಮತ್ತೆ, ಜಿಂಕೆ ಬೇಗ ಬರಲಿ ಅಂತ ಜೋಳದ ರಾಶಿ ಸುರಿಯಬೇಡಿ. ಒಂದೇ ಜಾಗದಲ್ಲಿ ಮೂತಿಗೆ ಮೂತಿ ತಾಗಿ ತಿಂದರೆ ರೋಗ ಹರಡುತ್ತದೆ. ಬೂಷ್ಟು ಹಿಡಿದ ಕಾಳಿನಲ್ಲಿರುವ ಅಫ್ಲಾಟಾಕ್ಸಿನ್ ಅನ್ನುವ ವಿಷ ಹಕ್ಕಿಗಳನ್ನು ಕೊಲ್ಲಬಹುದು. ಕಾಡುಪ್ರಾಣಿಗೆ ಮೇವು ಹಾಕುವ ನಿಯಮ ಊರಿಂದೂರಿಗೆ ಬೇರೆ, ಮುಂದಿನ ಬಿತ್ತನೆಗೆ ಮುಂಚೆ ಅರಣ್ಯ ಇಲಾಖೆಯಲ್ಲಿ ಕೇಳಿಕೊಳ್ಳಿ.

ಹೊಸತಾಕು:
ಬುಟ್ಟಿಯ ಸುದ್ದಿ. ಕಾಡಂಚಿನ ಬುಟ್ಟಿಯ ಒಳಗೆ ಓಟ್ಸ್ ಸೊಂಟದ ಹತ್ತಿರ ಬಂದಿದೆ, ಹೊರಗೆ ಗೇಣುದ್ದವೂ ಇಲ್ಲ. ನಡುವಿನ ಬುಟ್ಟಿಯಲ್ಲಿ ಒಳಗೂ ಹೊರಗೂ ಅಷ್ಟೇನೂ ವ್ಯತ್ಯಾಸ ಇಲ್ಲ. ಕ್ಲೋವರ್ ಮಾತ್ರ ಎರಡೂ ಬುಟ್ಟಿಯಲ್ಲಿ ಹೊರಗಿನಷ್ಟೇ ಬಡಕಲು. ಸುಣ್ಣಕ್ಕೆ ಹೇಳಿದ್ದೇನೆ. ಬುಟ್ಟಿ ಹೀಗೇ ಇರಲಾ, ಜಾಗ ಬದಲಿಸಲಾ?

ಕಾಡಂಚು:
ಓಟ್ಸ್ ಮುಗಿಯುವವರೆಗೂ ಅಲ್ಲೇ ಇರಲಿ. ಉಳುವ ಮೊದಲು ಗೂಟದ ಜಾಗ ಗುರುತು ಮಾಡಿಕೊಂಡು ತೆಗೆಯಿರಿ. ಕ್ಲೋವರ್ ಬಿತ್ತಿದ ದಿನವೇ ವಾಪಸ್ ಅದೇ ಜಾಗದಲ್ಲಿ ನಿಲ್ಲಿಸಿ. ಸಸಿ ಎದ್ದ ಮೇಲೆ ಇಟ್ಟರೆ ಎಳೆಯದರಲ್ಲಿ ಯಾರು ತಿಂದರು ಅನ್ನುವುದು ಗೊತ್ತಾಗುವುದಿಲ್ಲ.